ಸಾರಾ ಜೆ. ಮಾಸ್ ಯಾರು? ಪಿಯುಸಿ ಓದುವ ತಂಗಿಗೆ ಅವರ ಪುಸ್ತಕ ಕೊಡಿಸಬಹುದಾ?

ಕೊಡಿಸಿ, ಆದರೆ ಯಾವ ಸರಣಿ ಅಂತ ನೋಡಿ ಕೊಡಿಸಿ. ನಮ್ಮ ಬೆಳಗಾವಿಯ ಕಾಲೇಜು ಹುಡುಗಿಯರ ಬ್ಯಾಗಿನಲ್ಲಿ ಇಣುಕುವ ಆ ದಪ್ಪ ಪುಸ್ತಕಗಳೆಲ್ಲ ಒಂದೇ ತರ ಅಲ್ಲ.

ಮಾಸ್ ಅಮೆರಿಕದ ಫ್ಯಾಂಟಸಿ (ಮಾಯಾಲೋಕದ ಕಥೆಗಳ) ಕಾದಂಬರಿಗಾರ್ತಿ. ಹುಟ್ಟಿದ್ದು 1986ರಲ್ಲಿ, ನ್ಯೂಯಾರ್ಕಿನಲ್ಲಿ. 16ನೇ ವಯಸ್ಸಿಗೇ 'ಥ್ರೋನ್ ಆಫ್ ಗ್ಲಾಸ್' ಬರೆಯಲು ಶುರು ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಸಿಂಡ್ರೆಲಾ ಅರಮನೆಗೆ ಹೋಗಿದ್ದು ರಾಜಕುಮಾರನನ್ನು ಕೊಲ್ಲಲು ಆಗಿದ್ದರೆ? ಕಥೆ ಹುಟ್ಟಿದ್ದು ಈ ಯೋಚನೆಯಿಂದ. ಅದು ಪುಸ್ತಕವಾಗಿದ್ದು 2012ರಲ್ಲಿ. ಭಾರೀ ಹೆಸರು ತಂದಿದ್ದು 2015ರಲ್ಲಿ ಶುರುವಾದ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್'. 2020ರಲ್ಲಿ ಮೂರನೇ ಸರಣಿ 'ಕ್ರೆಸೆಂಟ್ ಸಿಟಿ' ಬಂತು.

ಶೈಲಿ? ಹಳೇ ಅಜ್ಜಿಕಥೆಯ ಎಳೆ ಹಿಡಿದು ಅದಕ್ಕೆ ಶಾಪ, ಯುದ್ಧ, ರಕ್ತ ಸೇರಿಸುತ್ತಾರೆ. ನಾಯಕಿ ಬದುಕಿನಲ್ಲಿ ಏಟು ತಿಂದವಳು. ಮೊದಲ ಪ್ರೀತಿಯೇ ಕೊನೆಯದು ಅಂತ ನಂಬಬೇಡಿ! ಶುರುವಿನ ಪುಟಗಳು ನಿಧಾನಕ್ಕೆ ಸಾಗುತ್ತವೆ, ಆದರೆ ಕೊನೆಯ ನೂರು ಪುಟ ಊಟಕ್ಕೂ ಏಳಲು ಬಿಡುವುದಿಲ್ಲ. ಭಾಷೆಯಲ್ಲಿ ಭಾವುಕತೆ ಸ್ವಲ್ಪ ಜಾಸ್ತಿಯೇ, ನನಗೆ ಕೆಲವೆಡೆ ಸಾಕಾಗಿದೆ.

ತಂಗಿಗೆ 'ಥ್ರೋನ್ ಆಫ್ ಗ್ಲಾಸ್' ಸರಿ. ಉಳಿದೆರಡರಲ್ಲಿ ಬಿಚ್ಚು ಶೃಂಗಾರ ಇದೆ, ಅವು ದೊಡ್ಡವರಿಗೆ.