ಕ್ಲಾಸಿಗೆ ಮೊದಲೇ ಫೋನಿನಲ್ಲಿ ಪ್ರಶ್ನೆ ಕಳಿಸಿದರೆ ಮಕ್ಕಳು ಕ್ಲಾಸಲ್ಲಿ ಬಾಯಿ ಬಿಡುತ್ತಾರಾ? ಪೋರ್ಷನ್ ಮುಗಿಯುತ್ತದಾ?

ಬಾಯಿ ಬಿಡುತ್ತಾರೆ, ನೀವು ಅವರ ಉತ್ತರ ಓದಿದರೆ ಮಾತ್ರ.

ನಾನು ಉಡುಪಿ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಮೊದಲ ಸಲ ಗೂಗಲ್ ಫಾರ್ಮ್‌ನಲ್ಲಿ 10 ಆಬ್ಜೆಕ್ಟಿವ್ ಪ್ರಶ್ನೆ ಹಾಕಿ, ಮಾರ್ಕ್ಸ್ ಅದೇ ಲೆಕ್ಕ ಹಾಕಿಕೊಳ್ಳಲಿ ಅಂತ ಬಿಟ್ಟು, ಕ್ಲಾಸಿಗೆ ಹೋಗಿ ಹಳೇ ನೋಟ್ಸನ್ನೇ ಒಪ್ಪಿಸುತ್ತಿದ್ದೆ. ಮೂರೇ ವಾರ. ಒಬ್ಬ ಬರೆದದ್ದು ವಾಟ್ಸಾಪಲ್ಲಿ ಸುತ್ತಿ 60 ಜನರದ್ದೂ ಒಂದೇ ಉತ್ತರ ಬಂತು, ತಪ್ಪು ಕೂಡ ಒಂದೇ.

ಇದು ಹೊಸ ಉಪಾಯವೇನಲ್ಲ. ಅಮೆರಿಕದಲ್ಲಿ ಗ್ರೆಗರ್ ನೋವಾಕ್ ಮತ್ತು ಜೊತೆಯವರು 1990ರ ದಶಕದಲ್ಲೇ 'ಜಸ್ಟ್ ಇನ್ ಟೈಮ್ ಟೀಚಿಂಗ್' ಅಂತ ಶುರು ಮಾಡಿದ್ದು, ಅವರೂ ಫಿಸಿಕ್ಸ್ ಮಾಷ್ಟ್ರುಗಳೇ. ಕ್ಲಾಸಿಗೆ ಕೆಲವು ಗಂಟೆ ಮೊದಲು ಉತ್ತರ ಬರಬೇಕು, ಅದನ್ನು ನೋಡಿ ಅವತ್ತಿನ ಪಾಠ ಬದಲಾಗಬೇಕು. ಎರಡನೇ ಭಾಗವನ್ನೇ ನಾನು ನುಂಗಿಬಿಟ್ಟಿದ್ದೆ.

ಈಗ ಎರಡೇ ಪ್ರಶ್ನೆ, ನಾಲ್ಕು ಸಾಲು ಬರೆಯುವಂಥದ್ದು. ಕೊನೆಗೆ ಯಾವಾಗಲೂ 'ಯಾವುದು ತಲೆಗೆ ಹೋಗಲಿಲ್ಲ?' ಅಂತ ಒಂದು. ರಾತ್ರಿ 10ರ ಒಳಗೆ ಕಳಿಸಬೇಕು, ಬೆಳಿಗ್ಗೆ ಅಂದರೆ ಕಾರ್ಕಳ, ಕುಂದಾಪುರದಿಂದ ಬರುವವರು ಬಸ್ಸಲ್ಲಿ ನೇತಾಡಿಕೊಂಡು ಬರೆಯಬೇಕಾಗುತ್ತದೆ. ನೆಟ್ ಇಲ್ಲದವರು ಚೀಟಿಯಲ್ಲಿ ಬರೆದು ಕೊಟ್ಟರೂ ಆಯಿತು. ಪ್ರಯತ್ನಕ್ಕೆ ಮಾರ್ಕ್ಸ್, ಸರಿ ತಪ್ಪಿಗಲ್ಲ.

ಒಮ್ಮೆ ವಿಶಿಷ್ಟೋಷ್ಣದ (ಒಂದು ಕೆಜಿ ವಸ್ತುವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ) ಪಾಠಕ್ಕೆ ಮೊದಲು ಹೀಗೆ ಕೇಳಿದೆ: ಮಧ್ಯಾಹ್ನ ಮಲ್ಪೆ ಬೀಚಲ್ಲಿ ಗಾಳಿ ಯಾಕೆ ಕಡಲ ಕಡೆಯಿಂದ ಬೀಸುತ್ತದೆ? ಜಾಸ್ತಿ ಜನ 'ಕಡಲು ತಣ್ಣಗಿರುತ್ತದೆ, ಅದಕ್ಕೆ' ಅಂತ ಬರೆದಿದ್ದರು. ಒಬ್ಬಳು ಮಾತ್ರ, ಬೆಳಗಿನ ಜಾವ ಗಾಳಿ ದಡದಿಂದ ಕಡಲಿಗೆ ಹೋಗುತ್ತದೆ, ಅಜ್ಜ ಹಾಯಿ ದೋಣಿ ಬಿಡುತ್ತಿದ್ದದ್ದು ಆ ಹೊತ್ತಿಗೇ ಅಂತೆ ಎಂದು ಬರೆದಿದ್ದಳು, ಅದೂ ಕನ್ನಡದಲ್ಲಿ. ಎರಡನ್ನೂ ಹೆಸರು ತೆಗೆದು ಬೋರ್ಡ್ ಮೇಲೆ ಬರೆದು ಸುಮ್ನೆ ನಿಂತೆ. ಕಡಲು ಯಾವಾಗಲೂ ತಣ್ಣಗೇ ಇರುವುದಾದರೆ ರಾತ್ರಿ ಗಾಳಿ ತಿರುಗುವುದು ಹೇಗೆ ಅಂತ ಹಿಂದಿನ ಬೆಂಚಿನಿಂದಲೇ ಜಗಳ ಶುರುವಾಯಿತು. ಮರಳು ಬೇಗ ಕಾದು ಬೇಗ ಆರುತ್ತದೆ, ನೀರಿಗೆ ಎರಡೂ ನಿಧಾನ ಅನ್ನುವಲ್ಲಿಗೆ ಅವರೇ ಬಂದರು. ನೀರಿನ ವಿಶಿಷ್ಟೋಷ್ಣ ಒಣ ಮರಳಿನ ಸುಮಾರು 5 ಪಟ್ಟು ಅಂತ ಆಮೇಲೆ ನಾನು ಸೇರಿಸಿದ್ದು ಅಷ್ಟೇ.

ಹೆಸರು ಮಾತ್ರ ತೋರಿಸಬೇಡಿ. ಮರುವಾರದಿಂದ ಬರೆಯುವುದೇ ನಿಲ್ಲಿಸುತ್ತಾರೆ. ಕನ್ನಡದಲ್ಲಿ ಬರೆಯಲು ಬಿಡಿ, ನನ್ನ ಕ್ಲಾಸಲ್ಲಿ ನಿಜವಾದ ಅನುಮಾನಗಳು ಹೊರಬಂದದ್ದೇ ಆಗ. ಚಾಟ್‌ಜಿಪಿಟಿಯಿಂದ ಎತ್ತಿದ ಉತ್ತರವೂ ಬರುತ್ತದೆ, ಅದನ್ನೇ ಬೋರ್ಡಿಗೆ ಹಾಕಿ 'ಇದು ನಮ್ಮೂರಿಗೆ ಹೊಂದುತ್ತದಾ?' ಅಂತ ಕೇಳುತ್ತೇನೆ.

60 ಉತ್ತರಕ್ಕೆ ಮುಕ್ಕಾಲು ಗಂಟೆ ಬೇಕು, ಹಾಗಾಗಿ ವಾರಕ್ಕೊಮ್ಮೆ ಮಾಡಿದರೆ ಸಾಕು. ಪೋರ್ಷನ್ ವಿಷಯ, ಎಲ್ಲರಿಗೂ ಗೊತ್ತಿದ್ದದ್ದನ್ನು ಬಿಟ್ಟು ಮುಂದೆ ಹೋಗುವುದರಿಂದ ಸ್ವಲ್ಪ ಹೊತ್ತು ಉಳಿಯುತ್ತದೆ. ಆದರೂ ಕಳೆದ ಸೆಮಿಸ್ಟರ್ ಕೊನೇ ಯುನಿಟ್ ಮುಗಿಸಲು ಎರಡು ಶನಿವಾರ ಮಧ್ಯಾಹ್ನ ಕ್ಲಾಸ್ ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ.