ರೆಜೆಕ್ಸ್ ಬಿಡಿ, ಫ್ಲೋಟ್‌ಗೆ ಕೊಡಿ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟೆಕ್ಸ್ಟ್ ಫೈಲಿನಿಂದ 4.1ಇ-07 ಥರದ ಸಂಖ್ಯೆ ಹೆಕ್ಕೋಕೆ ಸರಿಯಾದ ರೆಜೆಕ್ಸ್ (ಪಠ್ಯದಲ್ಲಿ ಬೇಕಾದ್ದನ್ನು ಹುಡುಕಲು ಬರೆಯೋ ಅಕ್ಷರಗಳ ಮಾದರಿ) ಯಾವುದು ಅಂತ ಕೇಳಿದ್ದೀರಿ. (‘ಇ’ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಅಂದುಕೊಳ್ಳಿ. 4.1 ಅನ್ನು ಹತ್ತರಿಂದ ಏಳು ಸಲ ಭಾಗಿಸಿ, ಅಂದರೆ 0.00000041, ಅಂತ ಅದರ ಅರ್ಥ.) ಇಂಥದ್ದೇ ರೆಜೆಕ್ಸ್‌ನಿಂದ ನನ್ನ ಒಂದು ಹಂಗಾಮಿನ ಕೆಲಸ ನೀರುಪಾಲಾಗಿದೆ.

ಆಗ ಮಂಡ್ಯದಲ್ಲಿ ಮಣ್ಣು ಪರೀಕ್ಷೆಯ ಒಂದು ಪ್ರಾಜೆಕ್ಟ್‌ನಲ್ಲಿದ್ದೆ. ವಿ.ಸಿ. ನಾಲೆ ಬಯಲಿನ ಗದ್ದೆಗಳಲ್ಲಿ ನೀರು ಎಷ್ಟು ಬೇಗ ಬಸಿಯುತ್ತದೆ ಅಂತ ಅಳೆಯುತ್ತಿದ್ದೆವು. ಒಂದು ಪೈಥಾನ್ ಸ್ಕ್ರಿಪ್ಟ್ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಫೈಲಿಗೆ ಬರೆಯುತ್ತಿತ್ತು. ಅದನ್ನು ಓದಿ ಟೇಬಲ್ ಮಾಡೋದು ನನ್ನ ಕೆಲಸ. ಅಂಕಿ, ಚುಕ್ಕಿ, ಮತ್ತೆ ಅಂಕಿ, ಇಷ್ಟಕ್ಕೇ ರೆಜೆಕ್ಸ್ ಬರೆದಿದ್ದೆ.

ಎಡವಟ್ಟಾಗಿದ್ದು ಅಲ್ಲೇ. ಪೈಥಾನ್ 0.0001ರವರೆಗೆ ಸಂಖ್ಯೆಯನ್ನು ಹಾಗೇ ಬರೆಯುತ್ತದೆ. ಅದಕ್ಕಿಂತ ಚಿಕ್ಕದಾದರೆ ತಾನಾಗೇ ‘ಇ’ ಹಾಕುತ್ತದೆ. ಮರಳು ಮಣ್ಣಿನದು 0.00023, ಸರಿಯಾಗಿ ಬಂತು. ಜೇಡಿಮಣ್ಣಿನದು 4.1ಇ-07. ರೆಜೆಕ್ಸ್ 4.1 ಮಾತ್ರ ಹಿಡಿದು ಉಳಿದಿದ್ದನ್ನು ಬಿಟ್ಟಿತು. ಅಂದರೆ ಒಂದು ಕೋಟಿ ಪಟ್ಟು ಜಾಸ್ತಿ! ಸೆಕೆಂಡಿಗೆ ನಾಲ್ಕು ಮೀಟರ್ ನೀರು ಬಸಿಯೋ ಜೇಡಿಮಣ್ಣು ಎಲ್ಲಾದರೂ ಇದೆಯಾ? ಆದರೂ ಒಂದೇ ಒಂದು ಎರರ್ ಬರಲಿಲ್ಲ. ಕಂಪ್ಯೂಟರ್‌ಗೆ 4.1 ಕೂಡ ಸಂಖ್ಯೆಯೇ ಅಲ್ವಾ. ಕೊನೆಗೆ ಟೇಬಲ್‌ನಲ್ಲಿ ಮರಳಿಗಿಂತ ಜೇಡಿಯೇ ಬೇಗ ನೀರು ಬಿಡುತ್ತದೆ ಅಂತ ಬಂತು. ಗದ್ದೆ ಮಾಡೋ ಯಾರಿಗೆ ತೋರಿಸಿದ್ದರೂ ಇದು ಸುಳ್ಳು ಅನ್ನುತ್ತಿದ್ದರು. ಬಸಿಗಾಲುವೆ ಎಷ್ಟು ದೂರಕ್ಕೊಂದು ತೋಡಬೇಕು ಅನ್ನೋ ಲೆಕ್ಕವೂ ಅದರ ಮೇಲೇ ನಿಂತಿತ್ತು. ಎಲ್ಲ ಮೊದಲಿಂದ ಮಾಡಬೇಕಾಯಿತು.

ಅದಕ್ಕೇ ನಿಮಗೆ ರೆಜೆಕ್ಸ್ ಕೊಡುವುದಿಲ್ಲ. ಸಾಲನ್ನು ಸ್ಪ್ಲಿಟ್ ಮಾಡಿ (ಕಾಲಮ್‌ಗಳಾಗಿ ಒಡೆದು), ಸಂಖ್ಯೆ ಇರುವ ಕಾಲಮ್ಮನ್ನು ಇಡಿಯಾಗಿ ಫ್ಲೋಟ್‌ಗೆ, ಅಂದರೆ ಪಠ್ಯವನ್ನು ಸಂಖ್ಯೆಯಾಗಿಸುವ ಪೈಥಾನ್‌ನದೇ ಫಂಕ್ಷನ್‌ಗೆ, ಕೊಡಿ. ‘ಇ’ ದೊಡ್ಡಕ್ಷರವಿರಲಿ, ಚಿಕ್ಕಕ್ಷರವಿರಲಿ, ಮುಂದೆ ಪ್ಲಸ್ ಇರಲಿ, ಮೈನಸ್ ಇರಲಿ, ಅದು ಓದುತ್ತದೆ. ಕನ್ನಡ ಅಂಕಿಯಲ್ಲಿ ೪.೧ ಅಂತ ಕೊಟ್ಟರೂ ಓದುತ್ತದೆ. ಅರ್ಥವಾಗದಿದ್ದರೆ ಸುಮ್ನೆ ಅರ್ಧ ನುಂಗುವುದಿಲ್ಲ, ವ್ಯಾಲ್ಯೂ ಎರರ್ ಕೊಟ್ಟು ನಿಲ್ಲುತ್ತದೆ. ಆ ಎರರನ್ನು ದಯವಿಟ್ಟು ಮುಚ್ಚಬೇಡಿ. ಯಾವ ಸಾಲು ಅಂತ ಪ್ರಿಂಟ್ ಮಾಡಿಸಿ ನೋಡಿ. ಹಳೇ ಫೋರ್ಟ್ರಾನ್ ಪ್ರೋಗ್ರಾಮಿನ ಫೈಲಾದರೆ ‘ಇ’ ಬದಲು ‘ಡಿ’ ಇರಬಹುದು, ಬದಲಾಯಿಸಿಕೊಳ್ಳಿ. ಪಿಡಿಎಫ್‌ನಿಂದ ಕಾಪಿ ಮಾಡಿದ್ದಾದರೆ ಮೈನಸ್ ಚಿಹ್ನೆಯೇ ಬೇರೆ ಇರಬಹುದು, ಅದನ್ನು ಫ್ಲೋಟ್ ಒಪ್ಪುವುದಿಲ್ಲ.

ವಾಕ್ಯಗಳ ನಡುವೆ ಸಂಖ್ಯೆ ಸಿಕ್ಕಿಕೊಂಡಿದ್ದರೆ ಮಾತ್ರ ರೆಜೆಕ್ಸ್ ಬಳಸಿ. ಆಗಲೂ ‘ಇ’ಯಿಂದ ಮುಂದಿನ ಭಾಗ ಬಿಟ್ಟುಹೋಗದಂತೆ ಬರೆದು, ಸಿಕ್ಕಿದ್ದನ್ನು ಫ್ಲೋಟ್‌ಗೇ ಕೊಡಿ.