ಕೈಪಿಡಿ ಒಂದೇ, ಫಲಿತಾಂಶ ಬೇರೆ ಬೇರೆ ಏಕೆ?

ಪ್ರಶ್ನೆ: ಮಧುಮೇಹ ತಡೆಯುವ ಆಹಾರ–ವ್ಯಾಯಾಮ ಕಾರ್ಯಕ್ರಮವನ್ನು ಹಲವು ಕೇಂದ್ರಗಳಲ್ಲಿ ನಡೆಸುತ್ತಿದ್ದೇವೆ. ಕೈಪಿಡಿ, ತರಬೇತಿ ಎಲ್ಲರಿಗೂ ಒಂದೇ. ವರದಿಗಳೆಲ್ಲ ‘ಪೂರ್ಣ’ ಎಂದೇ ಬರುತ್ತವೆ. ಆದರೂ ಕೆಲವು ಕೇಂದ್ರಗಳಲ್ಲಿ ಯಾರ ತೂಕವೂ ಇಳಿದಿಲ್ಲ. ಎಲ್ಲಿ ಎಡವಿದ್ದೇವೆ?

ಉತ್ತರ: ಮೊದಲು ಆ ‘ಪೂರ್ಣ’ ವರದಿಯನ್ನೇ ಪರೀಕ್ಷಿಸಿ. ತಮ್ಮ ಕೆಲಸಕ್ಕೆ ತಾವೇ ಟಿಕ್ ಹಾಕಿಕೊಂಡಾಗ ಅಂಕ ಹೆಚ್ಚುತ್ತದೆ. ಅದೇ ಸೆಷನ್ ಅನ್ನು ಬೇರೆಯವರು ಕೂತು ನೋಡಿದರೆ ಕಡಿಮೆಯಾಗುತ್ತದೆ. ಕಾರ್ಯಕರ್ತರು ಸುಳ್ಳು ಬರೆಯುತ್ತಾರೆಂದಲ್ಲ. ಚೆಕ್‌ಲಿಸ್ಟ್‌ನಲ್ಲಿರುವ ‘ಗುರಿ ನಿಗದಿಪಡಿಸಲಾಯಿತು’ ಎಂಬ ಸಾಲಿಗೆ, ಗುರಿಯ ಬಗ್ಗೆ ಎರಡು ಮಾತು ಹೇಳಿದವರೂ ಟಿಕ್ ಹಾಕುತ್ತಾರೆ, ಪ್ರತಿಯೊಬ್ಬರಿಂದ ಬರೆಸಿದವರೂ ಹಾಕುತ್ತಾರೆ. ಹಾಗಾಗಿ ಸಾಲನ್ನೇ ಬದಲಿಸಿ: ‘ಮುಂದಿನ ವಾರ ಎಷ್ಟು ದಿನ, ಎಷ್ಟು ನಿಮಿಷ ನಡೆಯುತ್ತೇನೆಂದು ಪ್ರತಿಯೊಬ್ಬರೂ ಬರೆದರೇ?’ ಇಂಥ, ಕಣ್ಣಿಗೆ ಕಾಣುವ ಎಂಟು–ಹತ್ತು ಅಂಶಗಳಿದ್ದರೆ ಒಂದು ಸೆಷನ್‌ಗೆ ಸಾಕು.

ಹತ್ತರಲ್ಲಿ ಒಂದೆರಡು ಸೆಷನ್‌ಗಳನ್ನು ಚೀಟಿ ಎತ್ತಿ ಆರಿಸಿ ನೇರವಾಗಿ ನೋಡಿ, ಇಲ್ಲವೇ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ. ಅಂಕ ಕೊಡುವ ಇಬ್ಬರು ಮೊದಲು ಒಂದೇ ಧ್ವನಿಮುದ್ರಿಕೆಗೆ ಬೇರೆ ಬೇರೆಯಾಗಿ ಅಂಕ ಹಾಕಲಿ. ಅವರಲ್ಲೇ ತಾಳೆಯಾಗದಿದ್ದರೆ ಚೆಕ್‌ಲಿಸ್ಟ್ ಇನ್ನೂ ಅಸ್ಪಷ್ಟವಾಗಿದೆ ಎಂದರ್ಥ.

ಜೊತೆಗೆ ಪ್ರಮಾಣವನ್ನೂ ನೋಡಿ. ಕೇಂದ್ರ 16 ಸೆಷನ್ ನಡೆಸಿರಬಹುದು. ಒಬ್ಬೊಬ್ಬರು ಎಷ್ಟಕ್ಕೆ ಬಂದರು? 60 ನಿಮಿಷದ ಸೆಷನ್ 40ಕ್ಕೆ ಇಳಿದಾಗ ಕತ್ತರಿ ಬೀಳುವುದು ಸಾಮಾನ್ಯವಾಗಿ ಕೊನೆಯ ಭಾಗಕ್ಕೆ. ಅಭ್ಯಾಸ ಮಾಡಿಸುವುದು, ಮುಂದಿನ ವಾರದ ಗುರಿ ಬರೆಸುವುದು ಎಲ್ಲ ಇರುವುದು ಅಲ್ಲೇ. ಮಾಹಿತಿ ತಲುಪುತ್ತದೆ, ನಡವಳಿಕೆ ಬದಲಾಗುವುದಿಲ್ಲ.

ಪ್ರಶ್ನೆ: ಹಾಗಾದರೆ ತರಬೇತಿಯನ್ನು ಮತ್ತೊಮ್ಮೆ ಕೊಡಬೇಕೇ?

ಉತ್ತರ: ಅದೇ ತರಬೇತಿಯನ್ನು ಮರುಕಳಿಸಿ ಹೆಚ್ಚು ಪ್ರಯೋಜನವಿಲ್ಲ. ಅಣಕು ಸೆಷನ್ ನಡೆಸಿ ತೋರಿಸಿದವರಿಗಷ್ಟೇ ಗುಂಪು ವಹಿಸಿ. ಅವರ ಮೊದಲ ಎರಡು ಮೂರು ಸೆಷನ್ ನೋಡಿ, ಒಂದೆರಡು ದಿನದೊಳಗೆ ಅಭಿಪ್ರಾಯ ತಿಳಿಸಿ. ತಿಂಗಳುಗಳು ಕಳೆದಂತೆ ಎಲ್ಲರೂ ಸ್ವಲ್ಪ ಸ್ವಲ್ಪ ದಾರಿ ತಪ್ಪುತ್ತಾರೆ. ಹೊಸಬರು ಹಳಬರನ್ನು ನೋಡಿಯೇ ಕಲಿತರೆ ಆ ತಪ್ಪನ್ನೂ ಕಲಿಯುತ್ತಾರೆ. ಅವರಿಗೆ ಮೂಲ ತರಬೇತಿಯೇ ಬೇಕು.

ಪ್ರಶ್ನೆ: ಜನರಿಗೆ ತಕ್ಕಂತೆ ಏನನ್ನೂ ಬದಲಿಸಲೇಬಾರದೇ?

ಉತ್ತರ: ಬದಲಿಸಬಹುದು, ಬದಲಿಸಲೂಬೇಕು. ಆದರೆ ತಿರುಳು ಯಾವುದೆಂದು ಮೊದಲು ಬರೆದಿಡಿ. 2002ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಜೀವನಶೈಲಿ ಬದಲಾವಣೆಯಿಂದ ಹೊಸ ಮಧುಮೇಹ ಶೇ. 58ರಷ್ಟು ತಗ್ಗಿತು. ಅಲ್ಲಿನ ಗುರಿ ಎರಡು: ತೂಕದಲ್ಲಿ ಶೇ. 7 ಇಳಿಕೆ, ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆ. ನಡಿಗೆಯ ಬದಲು ನೃತ್ಯವಾಗಲಿ, ಸೆಷನ್ ಬೆಳಿಗ್ಗೆಯ ಬದಲು ಸಂಜೆಯಾಗಲಿ, ತೊಂದರೆಯಿಲ್ಲ. ತಿಂದದ್ದು, ನಡೆದದ್ದನ್ನು ದಿನವೂ ಬರೆದಿಡುವ ಅಭ್ಯಾಸವನ್ನು ಮಾತ್ರ ‘ಜನರಿಗೆ ಬೇಸರ’ ಎಂದು ಕೈಬಿಡಬೇಡಿ. ಏನು ಬದಲಿಸಿದಿರಿ, ಯಾಕೆ, ಯಾರು ನಿರ್ಧರಿಸಿದರು ಎಂಬುದು ಆಗಿಂದಾಗಲೇ ದಾಖಲಾಗಲಿ.

ಕೈಪಿಡಿಯ ನೂರಕ್ಕೆ ನೂರು ಪಾಲನೆ ಎಲ್ಲಿಯೂ ಸಿಗುವುದಿಲ್ಲ. 500ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದ 2008ರ ಒಂದು ವಿಮರ್ಶೆಯ ಪ್ರಕಾರ, ಸುಮಾರು ಶೇ. 60ರಷ್ಟು ಪಾಲನೆಯಿದ್ದಾಗಲೂ ಒಳ್ಳೆಯ ಫಲಿತಾಂಶ ಬಂದದ್ದುಂಟು. ಆದರೆ ಅದನ್ನು ಪಾಸು ಅಂಕವೆಂದು ಭಾವಿಸಬೇಡಿ. ಬಿಟ್ಟುಹೋದ 40ರಲ್ಲಿ ತಿರುಳೇ ಸೇರಿದ್ದರೆ ಉಳಿದ 60ರಿಂದ ಯಾರ ತೂಕವೂ ಇಳಿಯುವುದಿಲ್ಲ.